ತಾನಿರುವ ಜಾಗ ತಿಳಿಯದ ಪ್ರೋಗ್ರಾಂ

ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದಲ್ಲಿ ಕಚ್ಚಾಮಾಲಿನ ಲಾರಿ ವೇ ಬ್ರಿಡ್ಜ್ ಹತ್ತಿ ಇಳಿಯದೆ ಲೆಕ್ಕ ಮುಗಿಯುವುದಿಲ್ಲ. ಲೋಡ್ ತೂಕ, ಖಾಲಿ ತೂಕ ಹಿಡಿದು ಚೀಟಿ ಮುದ್ರಿಸುವುದು ವಿಂಡೋಸ್‌ನ ಒಂದು ಪುಟ್ಟ ಪ್ರೋಗ್ರಾಂ. ತಕ್ಕಡಿಯ ತಂತಿ ಯಾವ ಪೋರ್ಟಿನಲ್ಲಿದೆ ಎಂಬ ವಿವರ ಅದರ ಪಕ್ಕದ ಸೆಟ್ಟಿಂಗ್ಸ್ ಫೈಲಿನಲ್ಲಿರುತ್ತದೆ. ಐಕಾನ್ ಒತ್ತಿದರೆ ಎಲ್ಲ ಸರಿ. ಕಂಪ್ಯೂಟರ್ ಆನ್ ಆದೊಡನೆ ತಾನೇ ಶುರುವಾಗಲಿ ಎಂದು ಟಾಸ್ಕ್ ಶೆಡ್ಯೂಲರ್‌ಗೆ ಹಾಕಿ ನೋಡಿ: 'ಫೈಲ್ ಸಿಗಲಿಲ್ಲ' ಎನ್ನುತ್ತದೆ.

ತಪ್ಪು ವಿಂಡೋಸ್‌ನದಲ್ಲ. ಪ್ರೋಗ್ರಾಂ ಇರುವ ಫೋಲ್ಡರ್ ಬೇರೆ, ಅದು ಆ ಹೊತ್ತಿಗೆ ಕೆಲಸ ಮಾಡುತ್ತಿರುವ ಫೋಲ್ಡರ್ ಬೇರೆ. ಶೆಡ್ಯೂಲರ್‌ಗೆ ಏನೂ ಹೇಳದಿದ್ದರೆ ಎರಡನೆಯದು ಸಿಸ್ಟಮ್32 ಆಗುತ್ತದೆ. ಕೋಡಿನಲ್ಲಿ ಬರೀ ಫೈಲಿನ ಹೆಸರು ಬರೆದವರು ಇದನ್ನು ಯೋಚಿಸಿಲ್ಲ. ಪೂರ್ತಿ ವಿಳಾಸವನ್ನು ಕೋಡಿನಲ್ಲೇ ಬರೆದಿಡುವುದು ಇನ್ನೂ ಕೆಟ್ಟ ಪರಿಹಾರ. ಡ್ರೈವ್ ಬದಲಾದ ದಿನ ಅದೂ ಹೋಯಿತು. ಸಿ ಭಾಷೆಯವರು ನೆಚ್ಚುವ ಮೊದಲ ಆರ್ಗ್ಯುಮೆಂಟ್ ಕೂಡ ನಂಬಿಕೆಗೆ ಅರ್ಹವಲ್ಲ. ಪ್ರೋಗ್ರಾಂ ಅನ್ನು ಶುರುಮಾಡಿದವರು ಕೊಟ್ಟದ್ದು ಅದರಲ್ಲಿರುತ್ತದೆ, ಅದು ನಿಜವಾದ ದಾರಿಯೇ ಆಗಬೇಕೆಂದಿಲ್ಲ.

ಪ್ರೋಗ್ರಾಂ ತಾನಿರುವ ಜಾಗವನ್ನು ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳುವುದು ಸರಿಯಾದ ಮಾರ್ಗ. ಲಿನಕ್ಸ್‌ನಲ್ಲಿ '/ಪ್ರಾಕ್/ಸೆಲ್ಫ್/ಎಕ್ಸಿ' ಎಂಬ ಕೊಂಡಿ, ವಿಂಡೋಸ್‌ನಲ್ಲಿ 'ಗೆಟ್‌ಮಾಡ್ಯೂಲ್‌ಫೈಲ್‌ನೇಮ್' ಎಂಬ ಕರೆ ಇರುವುದೇ ಇದಕ್ಕಾಗಿ. ಕನ್ನಡಿಗರು ಇಲ್ಲಿ ಒಂದು ವಿಷಯ ಗಮನಿಸಬೇಕು. ವಿಂಡೋಸ್‌ನ ಈ ಕರೆಗೆ ಎರಡು ರೂಪಗಳಿವೆ: ಹಳೆಯ ಆನ್ಸಿ, ಮತ್ತು ಯೂನಿಕೋಡ್. ಕನ್ನಡಕ್ಕೆ ವಿಂಡೋಸ್‌ನಲ್ಲಿ ಆನ್ಸಿ ಕೋಡ್‌ಪೇಜ್, ಅಂದರೆ ಅಕ್ಷರಗಳ ಸಂಕೇತಪಟ್ಟಿ, ಇಲ್ಲ. ಹಾಗಾಗಿ ಫೋಲ್ಡರಿಗೆ 'ತೂಕ' ಎಂದು ಹೆಸರಿಟ್ಟರೆ ಹಳೆಯ ರೂಪ ಸಾಮಾನ್ಯವಾಗಿ ಮರಳಿಸುವುದು '???' ಮಾತ್ರ. ನಮ್ಮ ನುಡಿಯಲ್ಲಿ ಹೆಸರಿಟ್ಟ ಮಾತ್ರಕ್ಕೆ ಕೆಡುವ ತಂತ್ರಾಂಶವನ್ನು ಕರ್ನಾಟಕದಲ್ಲಿ ಮಾರುವುದನ್ನು ನಾನು ಒಪ್ಪಲಾರೆ.

ದಾರಿ ಸಿಕ್ಕಿತೆಂದು ತೂಕದ ದಾಖಲೆಯನ್ನೂ ಪ್ರೋಗ್ರಾಂ ಪಕ್ಕದಲ್ಲೇ ಇಡುವುದು ಮತ್ತೊಂದು ಅಪಾಯ. ಸಾಮಾನ್ಯ ಬಳಕೆದಾರರು ಪ್ರೋಗ್ರಾಂ ಫೈಲ್ಸ್‌ನೊಳಗೆ ಬರೆಯುವಂತಿಲ್ಲ. ವಿಂಡೋಸ್ ವಿಸ್ತಾ ಬಂದಾಗಿನಿಂದ, ಹಳೆಯ ವಿಬಿ6 ಪ್ರೋಗ್ರಾಂ ಬರೆಯಹೋದರೆ ವಿಂಡೋಸ್ ಸದ್ದಿಲ್ಲದೆ ಅದನ್ನು ವರ್ಚುವಲ್‌ಸ್ಟೋರ್‌ಗೆ ತಿರುಗಿಸುತ್ತದೆ, ಅದೂ ಲಾಗಿನ್‌ಗೊಂದರಂತೆ ಬೇರೆಬೇರೆಯಾಗಿ. ಹಗಲು ಪಾಳಿಯವರು ಹಾಕಿದ ತೂಕ ಬೇರೆ ಲಾಗಿನ್‌ನ ರಾತ್ರಿ ಪಾಳಿಯವರಿಗೆ ಕಾಣುವುದಿಲ್ಲ. ಲಾರಿಯವರ ಬಾಡಿಗೆ ನಿಂತಿರುವುದು ಇದೇ ಲೆಕ್ಕದ ಮೇಲೆ. ದಾಖಲೆಗೆ ಪ್ರೋಗ್ರಾಂಡೇಟಾ ಫೋಲ್ಡರ್ ಇದೆ. ಎಲ್ಲ ಲಾಗಿನ್‌ಗಳಿಗೂ ಬರೆಯುವ ಅನುಮತಿ ಕೊಟ್ಟು ಅಲ್ಲಿಡಬೇಕು.

ತಂತ್ರಾಂಶ ಒಪ್ಪಿಸಿಕೊಳ್ಳುವ ಕಾರ್ಖಾನೆಯವರು ಹಣ ಕೊಡುವ ಮುನ್ನ ಅದನ್ನು ಕನ್ನಡ ಹೆಸರಿನ ಫೋಲ್ಡರಿನಲ್ಲಿಟ್ಟು, ಶೆಡ್ಯೂಲರ್‌ನಿಂದ ಶುರುಮಾಡಿ, ಎರಡು ಲಾಗಿನ್‌ಗಳಲ್ಲಿ ಚೀಟಿ ತೆಗೆಸಿ ನೋಡಲಿ.