ಬಾಗಿಲು ತೆರೆದಿಡುವುದೇಕೆ?

ಮನೆಗೆ ಬಂದ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ನಿನ ಕೈಪಿಡಿ ಓದಿದೆ. ‘ಒಗೆದ ಬಳಿಕ ಬಾಗಿಲು ತೆರೆದಿಡಿ’ ಎಂದಿದೆ; ಏಕೆಂದು ಹೇಳಿಲ್ಲ. ಕಾರಣ ತಿಳಿಯದ ನಿಯಮವನ್ನು ನೀವು ಎಷ್ಟು ದಿನ ಪಾಲಿಸುತ್ತೀರಿ?

ಬಾಗಿಲಂಚಿನ ರಬ್ಬರ್ ಪಟ್ಟಿಯ ಮಡಿಕೆಯಲ್ಲಿ ನೀರು ಉಳಿದಿರುತ್ತದೆ. ಬಾಗಿಲು ಮುಚ್ಚಿದರೆ ಒಳಗಿನ ಗಾಳಿ ನೀರಾವಿಯಿಂದ ಪರ್ಯಾಪ್ತವಾಗುತ್ತದೆ. ಆಮೇಲೆ ಎಷ್ಟು ನೀರು ಆವಿಯಾಗುವುದೋ ಅಷ್ಟೇ ಮರಳಿ ದ್ರವವಾಗುತ್ತದೆ. ಪಟ್ಟಿ ಆರುವುದೇ ಇಲ್ಲ. ಮಡಿಚಿಟ್ಟ ಒದ್ದೆ ಕೊಡೆಯಂತೆ ಬೂಷ್ಟು ಹಿಡಿಯುತ್ತದೆ.

‘ಡಿಟರ್ಜೆಂಟ್ ಮಿತವಾಗಿರಲಿ’ ಎಂಬುದಕ್ಕೂ ವಿವರಣೆಯಿಲ್ಲ. ಈ ಯಂತ್ರ ಬಳಸುವ ನೀರು ಕಡಿಮೆ. ಹೆಚ್ಚಾದ ಪುಡಿ ಜಿಗುಟಾಗಿ ಉಳಿದು ಸೂಕ್ಷ್ಮಜೀವಿಗಳಿಗೆ ನೆಲೆಯಾಗುತ್ತದೆ. ತಣ್ಣೀರು ಅವನ್ನು ಕೊಲ್ಲದು. ಆಗಾಗ 60° ಸೆ. ಬಿಸಿನೀರಿನಲ್ಲಿ ಯಂತ್ರವನ್ನು ಖಾಲಿ ಓಡಿಸಬೇಕು.

ದೊಡ್ಡ ಲೋಪ ಬೇರೆ. ವಾಸನೆ ಹೋಗಲೆಂದು ಬ್ಲೀಚ್ ಜೊತೆ ವಿನೆಗರ್ ಸುರಿಯುವವರುಂಟು. ಆಗ ಹೊರಡುವುದು ವಿಷಕಾರಿ ಕ್ಲೋರಿನ್ ಅನಿಲ. ಈ ಎಚ್ಚರಿಕೆಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ. ಬಣ್ಣದ ಚಿತ್ರಗಳಿಗೆ ನಾಲ್ಕು ಪುಟಗಳಿವೆ.