ಬೇಡುವ ಕೈಯ ಭಂಗಿ

ದರ್ಬೆಯ ಸುತ್ತಮುತ್ತ, ಪುತ್ತೂರು ಸೀಮೆಯ ಹಳೆಯ ಮನೆಗಳ ಚಾವಡಿಯಲ್ಲಿ ತೂಗುವ ಮಕ್ಕಳ ಭಾವಚಿತ್ರಗಳ ಜಾಡು ಪರಿಚಿತವಾದುದೇ. ಬಣ್ಣ ಬಳಿದ ಪರದೆ, ಪಕ್ಕದಲ್ಲೊಂದು ಹೂದಾನಿ, ಆ ದಿನಕ್ಕೆಂದೇ ತೊಡಿಸಿದ ಅಂಗಿ. ಇದ್ದುದನ್ನು ಹಿರಿದಾಗಿಸಿ ತೋರಿಸುವುದು ಅವುಗಳ ಉದ್ದೇಶ. ಇದಕ್ಕೆ ತೀರ ವಿರುದ್ಧವಾಗಿ, ಉಳ್ಳವರ ಮಗುವನ್ನು ಇಲ್ಲದವಳನ್ನಾಗಿ ತೋರಿಸಿದ ಚಿತ್ರವೊಂದು ಛಾಯಾಗ್ರಹಣದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಅದನ್ನು 1858ರಲ್ಲಿ ತೆಗೆದವರು ಆಕ್ಸ್‌ಫರ್ಡಿನ ಗಣಿತಾಧ್ಯಾಪಕ ಚಾರ್ಲ್ಸ್ ಡಾಡ್ಜ್‌ಸನ್, ಅಂದರೆ ಮುಂದೆ ಲೂಯಿಸ್ ಕ್ಯಾರಲ್ ಎಂದು ಹೆಸರಾದ ಲೇಖಕರು. ಚಿತ್ರದಲ್ಲಿರುವವಳು ಅವರ ಕಾಲೇಜಿನ ಮುಖ್ಯಸ್ಥರ ಮಗಳು ಆಲಿಸ್ ಲಿಡೆಲ್. ಆಗ ಆರರ ಆಸುಪಾಸಿನ ಬಾಲೆ. ಹರಕು ಬಟ್ಟೆ ಹೆಗಲಿನಿಂದ ಜಾರಿದೆ, ಕಾಲು ಬರಿದಾಗಿದೆ. ಒಂದು ಕೈ ಸೊಂಟದ ಮೇಲೆ. ಇನ್ನೊಂದು ಭಿಕ್ಷೆಗೆಂದು ಬೊಗಸೆಯಾಗಿದೆ. ಗಾಜಿನ ಫಲಕಕ್ಕೆ ದ್ರಾವಣ ಲೇಪಿಸಿ, ಅದು ಒಣಗುವ ಮೊದಲೇ ಚಿತ್ರ ಹಿಡಿದು ಸಂಸ್ಕರಿಸಬೇಕಾಗಿದ್ದ ಕಾಲವದು. ಮಗು ಹಲವು ಕ್ಷಣ ಅಲುಗಾಡದೆ ನಿಲ್ಲಲೇಬೇಕಿತ್ತು. ಆದ್ದರಿಂದ ಇಲ್ಲಿ ಆಕಸ್ಮಿಕವೆನ್ನುವುದು ಸ್ವಲ್ಪವೇ.

ಇದನ್ನು ಕರುಣೆಯ ಚಿತ್ರವೆಂದು ಮೆಚ್ಚುವುದು ಸರಿಯಲ್ಲ. ಇದರ ಹೆಸರೇ ಟೆನಿಸನ್ ಕವಿಯ ಕವನವೊಂದರದು. ಈ ಬಡತನ ಬಂದುದು ಬೀದಿಯಿಂದಲ್ಲ, ಪುಸ್ತಕದಿಂದ. ಜಾರಿದ ಬಟ್ಟೆಯನ್ನು ಕಂಡು ಇಂದಿನ ನೋಡುಗರಿಗೆ ಆಗುವ ಮುಜುಗರವೂ ಅಕಾರಣವಲ್ಲ. ಆ ಭಂಗಿಯನ್ನು ಆರಿಸಿಕೊಂಡವಳು ಮಗುವಲ್ಲ. ಆದರೂ ಆಕೆಯ ಕಣ್ಣು ಬೇಡುತ್ತಿಲ್ಲ. ಅದು ನೋಡುವವರನ್ನೇ ಅಳೆಯುವಂತಿದೆ. ವೇಷವು ವೇಷವೆಂದು ತಿಳಿಯುವುದು ಅಲ್ಲಿಯೇ, ಮತ್ತು ಚಿತ್ರದ ಪ್ರಾಮಾಣಿಕತೆ ಉಳಿದಿರುವುದೂ ಅಷ್ಟರಲ್ಲಿಯೇ. ಆಟ ಮುಗಿದ ಮೇಲೆ ಆಲಿಸ್ ತನ್ನ ಒಳ್ಳೆಯ ಉಡುಪಿಗೆ ಮರಳಿದಳು. ಆ ಉಡುಪಿನ ಚಿತ್ರವೂ ಉಳಿದಿದೆ.

ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗುವ ಪುಸ್ತಕ ವಿತರಣೆಯ ಚಿತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕೊಡುವವರು ಮತ್ತು ಪಡೆಯುವ ಮಗು ಒಂದೇ ಪುಸ್ತಕದ ಎರಡು ಅಂಚುಗಳನ್ನು ಹಿಡಿದು, ಒಬ್ಬರನ್ನೊಬ್ಬರು ನೋಡದೆ ಕ್ಯಾಮರಾದತ್ತ ತಿರುಗಿರುತ್ತಾರೆ. ಇದೂ ನಿಲ್ಲಿಸಿ ತೆಗೆದ ಚಿತ್ರವೇ. ಆದರೆ ವರದಿಯೆಂಬ ಹೆಸರಿನಲ್ಲಿ ಬರುತ್ತದೆ. ಮಗುವಿನ ಬಡತನವೋ ವೇಷವಲ್ಲ. ಕೆಳಗಿನ ಸಾಲಿನಲ್ಲಿ ದಾನಿಗಳ ಹೆಸರಿರುತ್ತದೆ, ಮಗುವಿನದು ಸಾಮಾನ್ಯವಾಗಿ ಇರುವುದಿಲ್ಲ. ಇದ್ದರೂ ಆ ಮಗುವಿಗೆ ನಾಳೆ ಶಾಲೆಯಲ್ಲಿ ಹಿತವಾದೀತೆ ಎಂದು ಯಾರೂ ಕೇಳಿರುವುದಿಲ್ಲ. ಮುಂದಿನ ಸಂಚಿಕೆಯನ್ನು ಸಿದ್ಧಪಡಿಸುವ ಟ್ರಸ್ಟಿನವರು ಆ ಪುಟದಲ್ಲಿ ಕೊಟ್ಟ ಪುಸ್ತಕಗಳ ಲೆಕ್ಕವನ್ನಷ್ಟೇ ಅಚ್ಚು ಹಾಕಬಹುದು.