ಕಾವೇರಿ ಮನೆಗೆ ಬಂದ ಮೇಲೆ

ನಾನು ‘ಶರಪಂಜರ’ ಮೊದಲು ನೋಡಿದ್ದು ಮುಂಬಯಿಯ ಆಂಟಾಪ್ ಹಿಲ್ಲಿನ ಸಿಜಿಎಸ್ ಕಾಲೊನಿಯ ಗಣಪತಿ ಪೆಂಡಾಲಿನಲ್ಲಿ, ಜಮಖಾನದ ಮೇಲೆ ಕೂತು. ಎಂಬತ್ತರ ದಶಕದ ನಡುಭಾಗ. ಕೇಂದ್ರ ಸರ್ಕಾರದ ನೌಕರರ ಆ ಕ್ವಾರ್ಟರ್ಸುಗಳಲ್ಲಿ ಮರಾಠಿ, ತಮಿಳು, ಮಲಯಾಳಿ ಸಂಸಾರಗಳ ನಡುವೆ ಹತ್ತು ಹನ್ನೆರಡು ಕನ್ನಡದ ಮನೆಗಳಿದ್ದವು. ಹಬ್ಬದ ಒಂದು ರಾತ್ರಿ ನಮ್ಮ ಭಾಷೆಯ ಪಿಕ್ಚರ್ ಹಾಕುತ್ತೇವೆಂದು ಅಪ್ಪ ಮತ್ತು ಅವರ ಸ್ನೇಹಿತರು ಜಗಳವಾಡಿ ಒಪ್ಪಿಸಿದ್ದರು. ವಿಸಿಆರ್ ಬಾಡಿಗೆಯದು. ಕ್ಯಾಸೆಟ್ಟು ಮಾಟುಂಗಾದಿಂದ ಬಂದದ್ದು; ಎಷ್ಟು ಸಲ ಓಡಿತ್ತೋ, ಮೇಲುಗಡೆ ಬಿಳಿ ಗೆರೆಗಳು ಮಳೆಯ ಹಾಗೆ ಸುರಿಯುತ್ತಿದ್ದವು.

ನನ್ನ ಪಕ್ಕದಲ್ಲಿ ಚಿಕ್ಕಮ್ಮ. ಎರಡನೆಯ ಹೆರಿಗೆಯಾದ ಹತ್ತನೆಯ ದಿನಕ್ಕೆ ಅವಳ ‘ತಲೆ ಕೆಟ್ಟಿತ್ತು’ ಎಂಬುದು ಕಾಲೊನಿಯ ಕನ್ನಡದವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುವುದೂ ಅವರಿಗೆ ಗೊತ್ತಿತ್ತು. ಅದಾಗಿ ಏಳೆಂಟು ವರ್ಷ ಕಳೆದು, ಅವಳು ಎಲ್ಲರಂತೆ ರೇಷನ್ ಕ್ಯೂನಲ್ಲಿ ನಿಂತು, ಎಲ್ಲರಂತೆ ಸೀಮೆಎಣ್ಣೆಗೆ ಗೊಣಗುತ್ತಿದ್ದ ಕಾಲ. ಕೊನೆಯ ಭಾಗದಲ್ಲಿ ನಾಯಕಿ ಕಾವೇರಿಯಾಗಿ ಕಲ್ಪನಾ ಕಿರುಚತೊಡಗಿದಾಗ ಮುಂದಿನ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಹಿಂದೆ ತಿರುಗಿದರು. ಟಿವಿ ಬಿಟ್ಟು ಚಿಕ್ಕಮ್ಮನ ಮುಖ ನೋಡಿದರು.

ಆಮೇಲೆ ಈ ಸಿನಿಮಾವನ್ನು ಏಳೆಂಟು ಸಲ ನೋಡಿದ್ದೇನೆ. ಕಾದಂಬರಿಯನ್ನೂ ಓದಿದ್ದೇನೆ. ಪ್ರತಿ ಸಲವೂ ಎರಡು ವಿರುದ್ಧ ತೀರ್ಪುಗಳು ಒಟ್ಟಿಗೇ ಬರುತ್ತವೆ: ರೋಗದ ವಿಷಯದಲ್ಲಿ ‘ಶರಪಂಜರ’ ನಮ್ಮನ್ನು ದಾರಿ ತಪ್ಪಿಸಿದೆ, ಮನೆಯ ವಿಷಯದಲ್ಲಿ ಅದರಷ್ಟು ಸರಿಯಾದ ಕನ್ನಡ ಕೃತಿ ಇನ್ನೊಂದಿಲ್ಲ.

ಮೊದಲು ರೋಗ. ತ್ರಿವೇಣಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಹೆಣ್ಣಿನ ಮನಸ್ಸಿನ ಕಾಯಿಲೆಯನ್ನು ದೆವ್ವ, ಮಾಟಗಳ ಕೈಯಿಂದ ಬಿಡಿಸಿ ವೈದ್ಯರ ಕೈಗೆ ಕೊಟ್ಟ ಮೊದಲಿಗರಲ್ಲಿ ಒಬ್ಬರು. ಅವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದರು, ರಾಷ್ಟ್ರಪ್ರಶಸ್ತಿಯೂ ಬಂತು. ಅದನ್ನು ನೋಡಲು ತ್ರಿವೇಣಿ ಇರಲಿಲ್ಲ. ಬಾಣಂತಿಯ ಮನಸ್ಸಿನ ಬಗ್ಗೆ ಬರೆದ ಅವರು 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಈ ಸಂಗತಿ ಗೊತ್ತಾದ ಮೇಲೆ ಅವರ ಮೇಲೆ ತಪ್ಪು ಹೊರಿಸುವಾಗ ಕೈ ಸ್ವಲ್ಪ ಹಿಂಜರಿಯುತ್ತದೆ. ಆದರೂ ಹೇಳಬೇಕು.

ಕಾವೇರಿಗೆ ಕಾಯಿಲೆ ಬರುವುದು ಹೆರಿಗೆಯ ನಂತರ. ಆದರೆ ಕಥೆ ಅಷ್ಟಕ್ಕೆ ಸುಮ್ಮನಾಗುವುದಿಲ್ಲ. ಮದುವೆಗೆ ಮುಂಚಿನ ಒಂದು ಘಟನೆ, ಅದನ್ನು ಮುಚ್ಚಿಟ್ಟ ಅಪರಾಧಿ ಭಾವ, ಒಳಗೇ ಕೊಳೆತು ಒಂದು ದಿನ ಒಡೆದ ಗುಟ್ಟು — ಇವು ಬೇಕಾಗುತ್ತವೆ. ಆ ಕಾಲದ ಮನಶ್ಶಾಸ್ತ್ರಕ್ಕೆ ಫ್ರಾಯ್ಡನ ನೆರಳು ದಟ್ಟವಾಗಿತ್ತು, ಕಾದಂಬರಿಗೂ ಗುಟ್ಟೊಂದು ಬೇಕಿತ್ತು. ಎರಡರ ಅಗತ್ಯವೂ ಒಂದೇ ಕಡೆ ಕೂಡಿಬಂತು. ಪ್ರೇಕ್ಷಕ ಮನೆಗೆ ಹೊತ್ತುಕೊಂಡು ಹೋದದ್ದೂ ಇದನ್ನೇ: ತಲೆ ಕೆಡಬೇಕಾದರೆ ಹಿಂದೆ ಏನೋ ನಡೆದಿರಲೇಬೇಕು.

ಚಿಕ್ಕಮ್ಮನ ಹಿಂದೆ ಏನೂ ನಡೆದಿರಲಿಲ್ಲ. ಹಾಗೆಂದರೆ ಯಾರೂ ನಂಬುತ್ತಿರಲಿಲ್ಲ. ಸಿನಿಮಾ ನೋಡಿದ ಮರುವಾರದಿಂದ ನಮ್ಮ ಕಟ್ಟಡದಲ್ಲಿ ಅವಳ ಕಾಲೇಜು ದಿನಗಳ ಬಗ್ಗೆ ವಿಚಾರಣೆ ಶುರುವಾಯಿತು. ಯಾರನ್ನಾದರೂ ಪ್ರೀತಿಸಿದ್ದಳಾ? ಒಪ್ಪಿಗೆಯಿಂದಲೇ ಮದುವೆಯಾದಳಾ? ಅಷ್ಟು ವರ್ಷ ಅವಳ ಕಾಯಿಲೆಗೆ ಮರುಕಪಟ್ಟವರು ಈಗ ಅವಳ ಚಾರಿತ್ರ್ಯಕ್ಕೆ ಕೈ ಹಾಕಿದರು. ಮೂಢನಂಬಿಕೆ ಮಾಡಿದ ಕೆಲಸವಲ್ಲ ಇದು, ಮನಶ್ಶಾಸ್ತ್ರ ಎಂಬ ಹೆಸರು ಮಾಡಿದ್ದು.

ನಮ್ಮಜ್ಜಿ ಊರಿನಿಂದ ಬಂದಾಗ ಹೇಳಿದ್ದು ಒಂದೇ ಮಾತು: “ಬಾಣಂತಿ ಸನ್ನಿ ಕಣ್ರೇ ಅದು. ನಮ್ಮ ಕಾಲದಲ್ಲೂ ಬರ್ತಿತ್ತು.” ಅಜ್ಜಿಯ ಔಷಧಿ ತಪ್ಪಿರಬಹುದು. ತಲೆಗೆ ಗಾಳಿ ಹೊಕ್ಕಿತು, ಪಥ್ಯ ಮುರಿಯಿತು ಎಂಬ ವಿವರಣೆಯೂ ತಪ್ಪೇ. ಆದರೆ ಆ ಹೆಸರಿನಲ್ಲಿ ಗುಟ್ಟಿಲ್ಲ, ಪಾಪವಿಲ್ಲ, ಚಾರಿತ್ರ್ಯವಿಲ್ಲ. ಬಾಣಂತಿಗೆ ಬರುವ ಒಂದು ಕೇಡು, ಅಷ್ಟೇ. ಇವತ್ತಿನ ವೈದ್ಯಶಾಸ್ತ್ರ ಹೇಳುವುದೂ ಹೆಚ್ಚುಕಡಿಮೆ ಇದರ ಪಕ್ಕದಲ್ಲೇ ನಿಲ್ಲುತ್ತದೆ. ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣಿಸಿಕೊಳ್ಳುವ ಈ ಕಾಯಿಲೆ ಸಾಮಾನ್ಯವಾಗಿ ಮೊದಲೆರಡು ವಾರಗಳಲ್ಲೇ ಎರಗುತ್ತದೆ. ಹೆರಿಗೆಯಾದ ಕೂಡಲೇ ಹಾರ್ಮೋನುಗಳು ಒಮ್ಮೆಲೇ ಇಳಿಯುವುದು, ನಿದ್ದೆ ಕೆಡುವುದು, ವಂಶದಲ್ಲಿ ಬೈಪೋಲಾರ್ ಕಾಯಿಲೆಯ ಎಳೆ ಇರುವುದು ಇವೆಲ್ಲ ಅದರ ಹಿಂದಿರುತ್ತವೆ. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಬಹುಪಾಲು ತಾಯಂದಿರು ಪೂರಾ ಗುಣವಾಗುತ್ತಾರೆ. ಮುಂದಿನ ಹೆರಿಗೆಯಲ್ಲಿ ಮಾತ್ರ ಎಚ್ಚರ ಬೇಕು. ಸನ್ನಿ ಎಂದ ಅಜ್ಜಿ ಹಳಬಳಾಗಿ, ಗುಟ್ಟು ಹುಡುಕಿದ ಪಕ್ಕದ ಮನೆಯ ಪದವೀಧರೆ ಆಧುನಿಕಳಾಗಿ ಕಂಡದ್ದು ನಮ್ಮ ಕಾಲದ ತಮಾಷೆ.

ಇನ್ನು ಮನೆ. ಕಾವೇರಿ ಗುಣವಾಗಿ ಆಸ್ಪತ್ರೆಯಿಂದ ಬಂದ ಮೇಲಿನ ಭಾಗವನ್ನು ನಾನು ಈಗಲೂ ಉಸಿರು ಹಿಡಿದೇ ನೋಡುತ್ತೇನೆ. ಅಲ್ಲಿ ಪುಟ್ಟಣ್ಣನವರ ಎಂದಿನ ಅಬ್ಬರ ಕಡಿಮೆ. ಅವಳು ನಕ್ಕರೆ ಒಂದು ಗಳಿಗೆ ಜಾಸ್ತಿ ನೋಡುವ ಕಣ್ಣುಗಳು, ಅವಳು ಬಂದೊಡನೆ ಬದಲಾಗುವ ಮಾತು, ದೂರ ಸರಿಯುವ ಗಂಡ — ಇಷ್ಟೇ. ಹುಚ್ಚು ಬಿಟ್ಟವಳನ್ನು ಮತ್ತೆ ಹುಚ್ಚಿಯಾಗಿಸಲು ಏನೇನು ಬೇಕೋ ಅದೆಲ್ಲ ಒಂದು ಮಧ್ಯಮವರ್ಗದ ಮನೆಯಲ್ಲಿ ರೆಡಿಯಾಗಿಯೇ ಇರುತ್ತದೆ, ಯಾರೂ ಕೆಟ್ಟವರಾಗಬೇಕಿಲ್ಲ ಎಂದು ಆ ದೃಶ್ಯಗಳು ತೋರಿಸುತ್ತವೆ. ಗಂಡನ ಇನ್ನೊಂದು ಸಂಬಂಧವನ್ನು ಕಥೆಗೆ ತಂದದ್ದು ನನ್ನ ದೃಷ್ಟಿಯಲ್ಲಿ ಹೆಚ್ಚಾಯಿತು; ಅದು ದೋಷವನ್ನು ಒಬ್ಬನ ತಲೆಗೆ ಕಟ್ಟಿ ಉಳಿದವರನ್ನು ಬಿಟ್ಟುಬಿಡುತ್ತದೆ. ಬಿಡಬಾರದಿತ್ತು.

ಯಾಕೆಂದರೆ ನಮ್ಮ ಮನೆಯಲ್ಲಿ ಯಾರೂ ಕೆಟ್ಟವರಿರಲಿಲ್ಲ. ಚಿಕ್ಕಪ್ಪ ತಿಂಗಳಿಗೊಮ್ಮೆ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಅಮ್ಮ ಅವಳ ಮಕ್ಕಳನ್ನು ತನ್ನವರಂತೆ ನೋಡಿದಳು. ಆದರೆ ಈಳಿಗೆಮಣೆ ಅಡುಗೆಮನೆಯಿಂದ ಎದ್ದು ಮಂಚದ ಕೆಳಗೆ ಹೋಯಿತು, ವರ್ಷಗಟ್ಟಲೆ ಅಲ್ಲೇ ಇತ್ತು. ತರಕಾರಿ ಹೆಚ್ಚುವ ಕೆಲಸ ಅಮ್ಮನದಾಯಿತು. ಚಿಕ್ಕಮ್ಮನ ಪಾಲಿಗೆ ಹುರುಳಿಕಾಯಿ ನಾರು ತೆಗೆಯುವುದು, ಬಟಾಣಿ ಬಿಡಿಸುವುದು. ಸಾರಿಗೆ ಉಪ್ಪು ಜಾಸ್ತಿ ಎಂದಾಗ ಅವಳು ಎದುರು ಮಾತಾಡಿದರೆ ಯಾರೋ ಒಬ್ಬರು ಮೆಲ್ಲಗೆ ಕೇಳುತ್ತಿದ್ದರು: “ಮಾತ್ರೆ ತಗೊಂಡ್ಯಾ?” ಅಮ್ಮನಿಗೆ ಸಿಟ್ಟು ಬಂದರೆ ಅದು ಸಿಟ್ಟು. ಚಿಕ್ಕಮ್ಮನಿಗೆ ಬಂದರೆ ಅದು ಲಕ್ಷಣ. ಕ್ರಮೇಣ ಅವಳು ಸಿಟ್ಟು ಮಾಡಿಕೊಳ್ಳುವುದನ್ನೇ ಬಿಟ್ಟಳು. ಎಷ್ಟು ಶಾಂತವಾಗಿದ್ದಾಳೆ, ಪೂರ್ತಿ ಗುಣವಾಯಿತು ಎಂದು ನಾವೆಲ್ಲ ಸಂತೋಷಪಟ್ಟೆವು.

ಮಾನಸಿಕ ಕಾಯಿಲೆಯವರು ಯಾವಾಗ ಬೇಕಾದರೂ ಮೇಲೆ ಬೀಳಬಹುದು ಎಂಬುದು ನಾವು ಕಲಿತ ಭಯಗಳಲ್ಲಿ ಗಟ್ಟಿಯಾದದ್ದು. ಅವರಲ್ಲಿ ಬಹುಪಾಲು ಜನ ಯಾರಿಗೂ ಕೈ ಎತ್ತುವವರಲ್ಲ, ಏಟು ತಿನ್ನುವ ಸಾಧ್ಯತೆಯೇ ಹೆಚ್ಚು. ಬಾಣಂತಿಯ ಈ ಕಾಯಿಲೆ ತೀವ್ರವಾಗಿದ್ದಾಗ ತಾಯಿ ಮಗು ಇಬ್ಬರನ್ನೂ ಕಾಯಬೇಕಾಗುತ್ತದೆ, ನಿಜ. ಆದರೆ ಅದು ಕೆಲವು ವಾರಗಳ ಮಾತು. ನಮ್ಮ ಈಳಿಗೆಮಣೆ ಮಂಚದ ಕೆಳಗಿದ್ದದ್ದು ಒಂಬತ್ತು ವರ್ಷ.

ಸಿನಿಮಾ ಎಡವುವ ಇನ್ನೊಂದು ಜಾಗ ಅದರ ಅಂತ್ಯ. ಕಾವೇರಿ ಮತ್ತೆ ಆಸ್ಪತ್ರೆಯ ದಾರಿ ಹಿಡಿಯುವುದನ್ನು ಸಾವಿನಂತೆ ಚಿತ್ರಿಸಲಾಗಿದೆ. ಕಲ್ಪನಾ ಅವರ ಅಭಿನಯದ ಬಗ್ಗೆ ಎರಡು ಮಾತಿಲ್ಲ, ಆದರೆ ಆ ಬಲದಿಂದಲೇ ನಮ್ಮ ಮನಸ್ಸಿನಲ್ಲಿ ಆಸ್ಪತ್ರೆಯ ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲದಂತಾಯಿತು. ಮುಂಬಯಿಯಲ್ಲಿ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ “ಠಾಣೆಗೆ ಕಳಿಸಬೇಕು” ಅನ್ನುತ್ತಾರೆ. 1901ರಿಂದ ಅಲ್ಲಿ ಮಾನಸಿಕ ಆಸ್ಪತ್ರೆ ಇದೆ. ನಮ್ಮ ಕಟ್ಟಡದ ಹುಬ್ಬಳ್ಳಿಯ ಕಡೆಯವರಿಗೆ ಅದೇ ಜಾಗದಲ್ಲಿ ಧಾರವಾಡ, ಬೆಂಗಳೂರಿನವರಿಗೆ ನಿಮ್ಹಾನ್ಸ್. ಹೃದಯದ ಕಾಯಿಲೆಗೆ ಹೀಗೆ ಊರಿನ ಹೆಸರು ಬೈಗುಳವಾದದ್ದನ್ನು ನಾನಂತೂ ಕೇಳಿಲ್ಲ. ಅದೇ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡು ಶುರುವಾಯಿತು. ಚಿಕ್ಕಮ್ಮನ ಕಾಲಕ್ಕೆ ಅಂಥದ್ದಿರಲಿಲ್ಲ. ಎರಡು ತಿಂಗಳು ಮಗುವಿಲ್ಲದೆ ಇದ್ದು ಬಂದಾಗ ಮಗು ಅವಳ ತೋಳಿಗೆ ಬರಲು ಒಲ್ಲದೆ ಅತ್ತಿತಂತೆ. ಅವಳು ಜೀವನವಿಡೀ ಮತ್ತೆ ಮತ್ತೆ ಹೇಳಿದ್ದು ಅದೊಂದನ್ನೇ. ಕರೆಂಟು ಕೊಟ್ಟದ್ದರ ಬಗ್ಗೆ ಕೇಳಿದರೆ ಬಾಯಿಗೆ ಇಟ್ಟ ರಬ್ಬರಿನ ರುಚಿ ಬಿಟ್ಟು ಏನೂ ನೆನಪಿಲ್ಲ ಅನ್ನುತ್ತಿದ್ದಳು. ಕರೆಂಟು ಅಂದರೆ ಶಿಕ್ಷೆ ಎಂದು ನಂಬಿದ್ದ ನಮಗೆ ಅವಳು ಗುಣವಾಗತೊಡಗಿದ್ದು ಅದರ ನಂತರವೇ ಎಂಬುದು ಜೀರ್ಣವಾಗಲಿಲ್ಲ. ಭಯ ಪೂರ್ತಿ ಸುಳ್ಳೂ ಅಲ್ಲ: ಅರಿವಳಿಕೆ ಕೊಡದೆ ಆ ಚಿಕಿತ್ಸೆ ಮಾಡುವುದನ್ನು ನಮ್ಮ ಕಾನೂನು ನಿಷೇಧಿಸಿದ್ದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ.

‘ಶರಪಂಜರ’ದ ಗುಟ್ಟಿನ ಚಟ ಮುಂದಿನ ಸಿನಿಮಾಗಳಲ್ಲಿ ಬೆಳೆಯುತ್ತಲೇ ಹೋಯಿತು. 2004ರ ‘ಆಪ್ತಮಿತ್ರ’ದಲ್ಲಿ ಅದು ಬೀಗ ಹಾಕಿದ ಕೋಣೆಯೇ ಆಯಿತು. ದೆವ್ವವಲ್ಲ, ಮನೋರೋಗ ಎಂದು ವಿಷ್ಣುವರ್ಧನ್ ಅವರ ಡಾಕ್ಟರ್ ಪಾತ್ರ ಹೇಳುತ್ತದೆ. ಆಮೇಲೆ ವಾಸಿ ಮಾಡುವುದು ದೆವ್ವ ಬಿಡಿಸುವ ರೀತಿಯಲ್ಲೇ. ಪ್ರೇಕ್ಷಕರು ಯಾವುದನ್ನು ನಂಬಿದರು ಎಂಬುದಕ್ಕೆ ಸಾಕ್ಷಿ, ಅದರಲ್ಲಿ ನಟಿಸಿದ ಸೌಂದರ್ಯ ಮತ್ತು ವಿಷ್ಣುವರ್ಧನ್ ತೀರಿಕೊಂಡಾಗ, ಸಿನಿಮಾದ ದೆವ್ವದ ಹೆಸರಿನಲ್ಲೇ ಹಬ್ಬಿದ ‘ನಾಗವಲ್ಲಿ ಶಾಪ’ದ ಮಾತು. ಒಬ್ಬರೊಳಗೆ ಇನ್ನೊಬ್ಬರು ಬಂದು ಕೂರುವುದನ್ನೇ ಸ್ಕಿಜೋಫ್ರೀನಿಯಾ ಎಂದು ಇವತ್ತಿಗೂ ಓದಿದವರೇ ಹೇಳುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. ತಪ್ಪು ಹೆಸರಿನಿಂದಲೇ ಶುರುವಾಗುತ್ತದೆ: ಗ್ರೀಕ್ ಮೂಲದ ಆ ಪದದಲ್ಲಿ ‘ಸೀಳು’ ಇದೆ, ನಾವು ಅದನ್ನು ನಿಷ್ಠೆಯಿಂದ ‘ಛಿದ್ರಮನಸ್ಕತೆ’ ಎಂದು ಕನ್ನಡಿಸಿಕೊಂಡೆವು. ಅಲ್ಲಿ ಒಡೆಯುವುದು ಯೋಚನೆ, ಭಾವನೆ, ವಾಸ್ತವದ ನಡುವಿನ ಹೊಂದಿಕೆ, ಒಬ್ಬರು ಇಬ್ಬರಾಗುವುದಿಲ್ಲ.

ಇದೇ ಮುಂಬಯಿಯಲ್ಲಿ ಕೂತು ಯಶವಂತ ಚಿತ್ತಾಲರು ಬರೆದ ‘ಶಿಕಾರಿ’ (1979) ಗುಟ್ಟಿನ ಈ ಆಮಿಷಕ್ಕೆ ಅಷ್ಟು ಸುಲಭವಾಗಿ ಬಲಿಯಾಗಲಿಲ್ಲ. ಕಂಪನಿಯವರು ತನ್ನ ಬೇಟೆಯಾಡುತ್ತಿದ್ದಾರೆ ಎಂಬ ನಾಗಪ್ಪನ ಭಯ ಎಷ್ಟು ಕಾಯಿಲೆ, ಎಷ್ಟು ಮುಂಬಯಿ ಎಂದು ಓದುಗ ಕೊನೆಯವರೆಗೂ ತೂಗುತ್ತಲೇ ಇರಬೇಕು. ಪೆಂಡಾಲಿನಲ್ಲಿ ಹಿಂದೆ ತಿರುಗಿದ ಆ ಹೆಂಗಸರಿಗೆ ಇಂಥ ಕಥೆ ಸಿಕ್ಕಿದ್ದರೆ ಎಂದು ಅನಿಸುತ್ತದೆ, ಮರುಕ್ಷಣವೇ ನಗುವೂ ಬರುತ್ತದೆ. ‘ಶಿಕಾರಿ’ಯನ್ನು ಯಾರು ಗಣಪತಿ ಪೆಂಡಾಲಿನಲ್ಲಿ ಓದಿಸುತ್ತಾರೆ?

ನನ್ನ ಪಾಲಿನ ತಪ್ಪೂ ಒಂದಿದೆ. ಮರಾಠಿ ಬಾರದ ಚಿಕ್ಕಮ್ಮನ ಜೊತೆ ಆಸ್ಪತ್ರೆಗೆ ದುಭಾಷಿಯಾಗಿ ಒಂದೆರಡು ಸಲ ನನ್ನನ್ನು ಕಳಿಸಿದ್ದರು. “ಸಂಕಟ ಆಗತ್ತೆ ಅನ್ನು” ಅಂದಳು. ಹನ್ನೆರಡು ವರ್ಷದ ನಾನು ಹಿಂದಿಯಲ್ಲಿ ಹೊಟ್ಟೆನೋವು ಅಂದೆ. ಡಾಕ್ಟರು ಊಟದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ ಬಿಳಿ ಸಿರಪ್ಪು ಬರೆದರು. ಅವಳು ಅದನ್ನು ಕುಡಿದಳು ಕೂಡ. ಕನ್ನಡದ ‘ಸಂಕಟ’ಕ್ಕೆ ಹೊಟ್ಟೆಯೂ ಉಂಟು, ಮನಸ್ಸೂ ಉಂಟು, ಯಾವುದೆಂದು ತಿರುಗಿ ಕೇಳಬೇಕು ಎಂದು ನನಗೆ ಹೊಳೆಯಲಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ನೂರು ವಯಸ್ಕರಲ್ಲಿ ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಮುಟ್ಟುತ್ತಿಲ್ಲ ಎಂದಿತು. ಆ ಸಾಲು ಓದಿದಾಗಲೆಲ್ಲ ನನಗೆ ಆ ಸಿರಪ್ಪಿನ ಬಾಟಲಿ ಕಣ್ಣಿಗೆ ಬರುತ್ತದೆ.

ಈಗಿನ ಹುಡುಗರು ಈ ವಿಷಯದಲ್ಲಿ ನಮಗಿಂತ ಧೈರ್ಯವಂತರು. ಅಲಮಾರು ಓರಣವಾಗಿಟ್ಟರೆ ಓಸಿಡಿ, ಬೆಳಗ್ಗೆ ಒಂದು ಮೂಡು ಸಂಜೆ ಒಂದು ಮೂಡಾದರೆ ಬೈಪೋಲಾರ್. ಹೆದರಿಕೆ ಹೋಗಿದ್ದು ಒಳ್ಳೆಯದೇ; ಜೊತೆಗೆ ಪದಗಳ ತೂಕವೂ ಹೋಯಿತು. ಅವರಿಗೂ ‘ಶರಪಂಜರ’ ಹಿಡಿಸುತ್ತದೆ, ಮುಖ್ಯವಾಗಿ ಕಲ್ಪನಾ ಉಟ್ಟ ಸೀರೆಗಳಿಗಾಗಿ.

ಆ ರಾತ್ರಿ ಪಿಕ್ಚರ್ ಮುಗಿದು ಜಮಖಾನ ಸುತ್ತುವಾಗ ಯಾರೂ ಚಿಕ್ಕಮ್ಮನ ಜೊತೆ ಮಾತಾಡಲಿಲ್ಲ. ಅಮ್ಮ ಅವಳ ಕೈ ಹಿಡಿದುಕೊಂಡಿದ್ದಳು, ಅದೂ ಅಗತ್ಯಕ್ಕಿಂತ ಬಿಗಿಯಾಗಿ. ಮೆಟ್ಟಿಲು ಹತ್ತುವಾಗ ಚಿಕ್ಕಮ್ಮ ಎರಡನೆಯ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಂಡಳು. ಕಾಯಿಲೆಯ ನಂತರ ಅವಳು ತುಂಬ ದಪ್ಪಗಾಗಿದ್ದಳು.

“ಕಲ್ಪನಾ ಎಷ್ಟು ತೆಳ್ಳಗಿದ್ದಾಳೆ ನೋಡಿದ್ಯಾ ಅಕ್ಕ?” ಅಂದಳು. “ಮಾತ್ರೆ ನುಂಗಿದೋಳಲ್ಲ ಬಿಡು ಅವಳು.”